ಇಬ್ಬರೂ ಕೇಳಿಸಿಕೊಂಡಿದ್ದರು

1989ರ ಫೆಬ್ರವರಿ 19. ಸಿಂಗಪುರದಿಂದ ಹೊರಟ ಫ್ಲೈಯಿಂಗ್ ಟೈಗರ್ ಕಂಪನಿಯ ಬೋಯಿಂಗ್ 747 ಸರಕು ವಿಮಾನ ಕೌಲಾಲಂಪುರದ ಸುಬಾಂಗ್ ನಿಲ್ದಾಣಕ್ಕೆ ಇಳಿಯಲು ಬರುತ್ತಿತ್ತು. ನೆಲದಿಂದ ರೇಡಿಯೋದಲ್ಲಿ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಹೇಳಿದ್ದು ಇಷ್ಟು: ‘ಡಿಸೆಂಡ್ ಟೂ ಫೋರ್ ಝೀರೋ ಝೀರೋ.’ ಅವರ ಮನಸ್ಸಿನಲ್ಲಿದ್ದದ್ದು 2,400 ಅಡಿ. ಕಾಕ್‌ಪಿಟ್‌ನಲ್ಲಿ ಮಾತ್ರ ಆ ಮೊದಲ ‘ಟೂ’ ಎರಡು ಅನ್ನುವ ಅಂಕೆಯಾಗಿ ಕೇಳಲಿಲ್ಲ. ಇಷ್ಟು ಎತ್ತರ‘ಕ್ಕೆ’ ಇಳಿಯಿರಿ ಅನ್ನುವಾಗ ಬರುತ್ತದಲ್ಲ, ಆ ‘ಟು’ ಆಗಿ ಕೇಳಿತು. ಉಳಿದದ್ದು ನಾಲ್ಕು, ಸೊನ್ನೆ, ಸೊನ್ನೆ. ಕ್ಯಾಪ್ಟನ್ ಉತ್ತರ ಕೊಟ್ಟರು: ‘ಓಕೆ, ಫೋರ್ ಝೀರೋ ಝೀರೋ.’ ವಿಮಾನ ಇಳಿಯುತ್ತಾ ಹೋಗಿ ಗುಡ್ಡಕ್ಕೆ ಬಡಿಯಿತು. ಒಳಗಿದ್ದ ನಾಲ್ಕು ಜನರೂ ಸತ್ತರು.

ಈ ಕತೆ ಹೇಳುವವರು ಸಾಮಾನ್ಯವಾಗಿ ಆ ‘ಟೂ’ ಹತ್ತಿರವೇ ನಿಂತುಬಿಡುತ್ತಾರೆ. ಒಂದೇ ಥರ ಕೇಳುವ ಎರಡು ಪದ, ಪಾಪ, ಮೋಸ ಹೋದರು ಅಂತ. ನನ್ನನ್ನು ಕಾಡುವುದು ಅದರ ಮುಂದಿನ ಸಾಲು. ತಾನು ಏನು ಅರ್ಥ ಮಾಡಿಕೊಂಡೆ ಅನ್ನುವುದನ್ನು ಕ್ಯಾಪ್ಟನ್ ಬಾಯಿಬಿಟ್ಟು ಹೇಳಿದ್ದರು. ನಾಲ್ಕು, ಸೊನ್ನೆ, ಸೊನ್ನೆ. ತಪ್ಪು ಯಾರ ತಲೆಯಲ್ಲೂ ಅಡಗಿ ಕೂತಿರಲಿಲ್ಲ. ರೇಡಿಯೋದಲ್ಲಿ ಎಲ್ಲರಿಗೂ ಕೇಳುವಂತೆ ಹಾದುಹೋಯಿತು. ಅದನ್ನು ಹಿಡಿಯಬೇಕಾದವರು ಹಿಡಿಯಲಿಲ್ಲ.

ವಿಮಾನ ಅಪಘಾತಗಳ ತನಿಖಾ ವರದಿ ಓದುವುದು ನನಗೊಂದು ಚಾಳಿ. ಅದರಲ್ಲೂ ಕೊನೆಗೆ ಸೇರಿಸಿರುವ ಮಾತುಕತೆಯ ಪುಟಗಳು. ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡಿಗೆ ಯಾರು ಏನು ಅಂದರು ಅನ್ನುವ ಪಟ್ಟಿ. ಪೈಲಟ್‌ಗೂ ಎಟಿಸಿಗೂ (ಏರ್ ಟ್ರಾಫಿಕ್ ಕಂಟ್ರೋಲ್, ಅಂದರೆ ಆ ಕಂಟ್ರೋಲರ್‌ಗಳ ವ್ಯವಸ್ಥೆ) ನಡುವಿನ ಎಡವಟ್ಟು ಅಂದಾಕ್ಷಣ ಗೊರಗೊರ ಅನ್ನುವ ರೇಡಿಯೋ, ಅರ್ಥವಾಗದ ಇಂಗ್ಲಿಷ್, ಕೇಳಿಸದ ಮಾತು ಅಂದುಕೊಳ್ಳುತ್ತೇವೆ, ಅಲ್ವಾ? ಆ ಪುಟಗಳಲ್ಲಿ ಅಂಥದ್ದು ಸಿಗುವುದು ಕಡಿಮೆ. ಕೇಳಿಸದಿದ್ದರೆ ‘ಸೇ ಅಗೇನ್’ ಅನ್ನುತ್ತಾರೆ, ಇನ್ನೊಮ್ಮೆ ಹೇಳಿಸಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಅನಾಹುತ ಆಗಿರುವುದು ಇಬ್ಬರಿಗೂ ಚೆನ್ನಾಗಿ ಕೇಳಿಸಿ, ಇಬ್ಬರಿಗೂ ಸಮಾಧಾನವಾಗಿ, ಇಬ್ಬರೂ ತಮ್ಮ ಮುಂದಿನ ಕೆಲಸಕ್ಕೆ ತಿರುಗಿದಾಗ.

ಈ ಮಾತುಕತೆ ನಡೆಯುವ ರೀತಿಯೇ ಬೇರೆ. ಒಂದು ಪ್ರದೇಶದ ಎಲ್ಲ ವಿಮಾನಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ಇರುತ್ತವೆ. ಗುಂಡಿ ಒತ್ತಿ ಹಿಡಿದರೆ ಮಾತಾಡಬಹುದು, ಆದರೆ ಆಗ ಬೇರೆಯವರ ಮಾತು ಕೇಳದು. ಬಿಟ್ಟರೆ ಕೇಳುತ್ತದೆ, ಮಾತಾಡಲಾಗದು. ಇಬ್ಬರು ಒಟ್ಟಿಗೆ ಒತ್ತಿದರೆ ಉಳಿದವರಿಗೆ ಒಂದು ಕೀರಲು ಸದ್ದು. ವಿಮಾನದ ರೇಡಿಯೋ ಇವತ್ತಿಗೂ ಎಎಂ ಅನ್ನುವ ಹಳೆಯ ಬಗೆಯದು. ಎಫ್ಎಂ ಆಗಿದ್ದರೆ ಜೋರಾದ ಸಿಗ್ನಲ್ ಇನ್ನೊಂದನ್ನು ಸದ್ದಿಲ್ಲದೆ ನುಂಗಿಬಿಡುತ್ತಿತ್ತು. ಎಎಂನಲ್ಲಿ ಕೀರಲು ಸದ್ದಾದರೂ ಬರುತ್ತದೆ, ಇಬ್ಬರು ಒಟ್ಟಿಗೆ ಮಾತಾಡಿದರು ಅಂತ ಗೊತ್ತಾಗುತ್ತದೆ. ಗೊತ್ತಾಗಬೇಕು, ಅಷ್ಟೇ. ಗೊತ್ತಾಗಿಯೇ ಆಗುತ್ತದೆ ಅಂತೇನಿಲ್ಲ.

ಇದರ ಮೇಲೆ ಕಟ್ಟಿರುವ ರಕ್ಷಣೆ ರೀಡ್‌ಬ್ಯಾಕ್. ಎತ್ತರ, ದಿಕ್ಕು, ರನ್‌ವೇ, ಟೇಕಾಫ್ ಅನುಮತಿ, ಇಂಥವನ್ನು ಕಂಟ್ರೋಲರ್ ಹೇಳಿದ ಮೇಲೆ ಪೈಲಟ್ ಮತ್ತೆ ಉಚ್ಚರಿಸಿ ತೋರಿಸಬೇಕು. ಸುಮ್ನೆ ‘ರೋಜರ್’ ಅಂದರೆ ಸಾಲದು. ರೋಜರ್ ಅಂದರೆ ನಿಮ್ಮ ಮಾತು ಪೂರ್ತಿ ಬಂತು ಅಂತ ಮಾತ್ರ. ಒಪ್ಪಿದೆ ಅಂತಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ಪೈಲಟ್ ತಿರುಗಿ ಹೇಳಿದ್ದು ತಾನು ಹೇಳಿದ್ದಕ್ಕೆ ತಾಳೆಯಾಗುತ್ತದಾ ಅಂತ ಕಂಟ್ರೋಲರ್ ನೋಡಬೇಕು. ಇದು ಹಿಯರ್‌ಬ್ಯಾಕ್. ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕಂಟ್ರೋಲರ್‌ಗೆ ತಾನು ಕೊಟ್ಟ ಸಂಖ್ಯೆ ಗೊತ್ತು, ಬರುವ ಉತ್ತರವೂ ಗೊತ್ತು. ಉತ್ತರ ಬರುವ ಹೊತ್ತಿಗೆ ಕಣ್ಣು ಮುಂದಿನ ವಿಮಾನದ ಮೇಲಿರುತ್ತದೆ. ದಿನಕ್ಕೆ ನೂರಾರು ಸಲ ಸರಿಯಾಗಿ ಬಂದ ಉತ್ತರ ಈ ಸಲ ಒಂದು ಅಂಕೆ ತಪ್ಪಿ ಬಂದರೂ ಕಿವಿ ಸರಿಯಾದದ್ದನ್ನೇ ತುಂಬಿಕೊಳ್ಳುತ್ತದೆ. ಕೇಳುವುದನ್ನು ಬಿಟ್ಟು ಕಾಯುವುದು ಶುರುವಾಗಿರುತ್ತದೆ.

ಸ್ಪೇನ್‌ಗೆ ಸೇರಿದ ಟೆನೆರಿಫೆ ದ್ವೀಪದಲ್ಲಿ ಎರಡು ವಿಮಾನ ಡಿಕ್ಕಿಯಾದ ದುರಂತವನ್ನು ಈ ಕಣ್ಣಿನಿಂದ ನೋಡಿದರೆ ಬೇರೆಯೇ ಥರ ಕಾಣುತ್ತದೆ. 1977ರ ಮಾರ್ಚ್ 27. ಪಕ್ಕದ ದ್ವೀಪದ ಲಾಸ್ ಪಾಲ್ಮಾಸ್ ನಿಲ್ದಾಣದಲ್ಲಿ ಬಾಂಬ್ ಸಿಡಿದು, ಅಲ್ಲಿ ಇಳಿಯಬೇಕಿದ್ದ ವಿಮಾನಗಳೆಲ್ಲ ಟೆನೆರಿಫೆಯ ಸಣ್ಣ ಲೋಸ್ ರೋಡಿಯೋಸ್ ನಿಲ್ದಾಣಕ್ಕೆ ಬಂದಿದ್ದವು. ಟ್ಯಾಕ್ಸಿವೇ ತುಂಬಾ ವಿಮಾನ. ಹೊರಡುವವರು ರನ್‌ವೇ ಮೇಲೆಯೇ ಉಲ್ಟಾ ಹೋಗಿ, ತುದಿಯಲ್ಲಿ ತಿರುಗಿ ನಿಲ್ಲಬೇಕಿತ್ತು. ಮೊದಲು ಡಚ್ ಕಂಪನಿ ಕೆಎಲ್ಎಂನ 747 ಹೋಯಿತು, ಹಿಂದೆಯೇ ಅಮೆರಿಕದ ಪ್ಯಾನ್ ಆಮ್ ಕಂಪನಿಯ 747. ಪ್ಯಾನ್ ಆಮ್ ಎಡಕ್ಕೆ ಮೂರನೇ ದಾರಿಯಲ್ಲಿ ರನ್‌ವೇ ಬಿಡಬೇಕು ಅಂತ ಹೇಳಿಕೆ. ಮೂರನೆಯದೇನಾ ಅಂತ ಅವರು ಮತ್ತೆ ಕೇಳಿದರು. ‘ಮೂರನೆಯದು ಸರ್. ಒಂದು, ಎರಡು, ಮೂರು. ಮೂರನೆಯದು’ ಅಂತ ಕಂಟ್ರೋಲರ್ ಎಣಿಸಿ ಹೇಳಿದರು. ಅಷ್ಟರಲ್ಲಿ ಮೋಡ ನೆಲಕ್ಕೆ ಇಳಿದಿತ್ತು. ಕಂಟ್ರೋಲರ್ ಕೂರುವ ಟವರ್‌ಗೆ ಎರಡೂ ವಿಮಾನ ಕಾಣುತ್ತಿರಲಿಲ್ಲ. ನೆಲದ ರೇಡಾರ್ ಇರಲಿಲ್ಲ. ಎಲ್ಲವೂ ಮಾತಿನ ಮೇಲೆ ನಿಂತಿತ್ತು.

ಕೆಎಲ್ಎಂ ತುದಿ ಮುಟ್ಟಿ ತಿರುಗಿ ನಿಂತಿತು. ಕ್ಯಾಪ್ಟನ್ ಥ್ರಾಟಲ್ ಮುಂದಕ್ಕೆ ತಳ್ಳಲು ಹೋದರು. ಎಟಿಸಿ ಕ್ಲಿಯರೆನ್ಸ್ ಇನ್ನೂ ಬಂದಿಲ್ಲ ಅಂತ ಕೋ-ಪೈಲಟ್ ತಡೆದರು. ಗೊತ್ತು, ಕೇಳು ಅಂದರು ಕ್ಯಾಪ್ಟನ್. ಕೋ-ಪೈಲಟ್ ಕೇಳಿದಾಗ ಕಂಟ್ರೋಲರ್ ಕೊಟ್ಟದ್ದು ಹಾರಿದ ಮೇಲೆ ಯಾವ ಮಾರ್ಗ ಹಿಡಿಯಬೇಕು ಅನ್ನುವ ಕ್ಲಿಯರೆನ್ಸ್ ಮಾತ್ರ. ಹಾರಲು ಅನುಮತಿ ಅಲ್ಲ. ಆದರೆ ಆ ಮಾತಿನೊಳಗೆ ‘ಟೇಕಾಫ್ ಆದ ಮೇಲೆ ಬಲಕ್ಕೆ ತಿರುಗಿ’ ಅನ್ನುವುದಿತ್ತು. ಕೋ-ಪೈಲಟ್ ಅದನ್ನು ರೀಡ್‌ಬ್ಯಾಕ್ ಮಾಡುತ್ತಿರುವಾಗಲೇ ಕ್ಯಾಪ್ಟನ್ ಬ್ರೇಕ್ ಬಿಟ್ಟಿದ್ದರು. ವಿಮಾನ ಚಲಿಸುವುದು ಕೋ-ಪೈಲಟ್‌ಗೆ ತಿಳಿದಿರಬೇಕು. ಕೊನೆಗೆ ಅವಸರದಲ್ಲಿ ಒಂದು ಮಾತು ಸೇರಿಸಿದರು: ‘ವಿ ಆರ್ ನೌ ಅಟ್ ಟೇಕಾಫ್.’

ಹಾರುತ್ತಿದ್ದೇವೆ ಅಂತಲೋ, ಹಾರುವ ಜಾಗದಲ್ಲಿ ನಿಂತಿದ್ದೇವೆ ಅಂತಲೋ? ಟವರ್‌ನಲ್ಲಿದ್ದವರು ಎರಡನೆಯದು ಅಂದುಕೊಂಡರು. ‘ಓಕೆ’ ಅಂದರು. ಹತ್ತಿರ ಹತ್ತಿರ ಎರಡು ಸೆಕೆಂಡು ಬಿಟ್ಟು, ‘ಟೇಕಾಫ್‌ಗೆ ಕಾಯಿರಿ, ನಾನೇ ಕರೆಯುತ್ತೇನೆ’ ಅಂದರು. ಅದೇ ಕ್ಷಣಕ್ಕೆ ಗಾಬರಿಯಾದ ಪ್ಯಾನ್ ಆಮ್ ಕೂಡ ಗುಂಡಿ ಒತ್ತಿತು: ನಾವಿನ್ನೂ ರನ್‌ವೇ ಮೇಲೆಯೇ ಇದ್ದೇವೆ ಅಂತ. ಎರಡು ಮಾತು ಒಂದರ ಮೇಲೊಂದು ಬಿದ್ದವು. ಕೆಎಲ್ಎಂ ಕಾಕ್‌ಪಿಟ್‌ಗೆ ಸ್ಪಷ್ಟವಾಗಿ ಕೇಳಿದ್ದು ‘ಓಕೆ’. ಉಳಿದದ್ದರ ಮೇಲೆ ಕೀರಲು ಸದ್ದು ಬಳಿದುಕೊಂಡಿತ್ತು. ಆ ಎರಡರಲ್ಲಿ ಯಾವ ಒಂದು ಮಾತು ನೆಟ್ಟಗೆ ತಲುಪಿದ್ದರೂ ವಿಮಾನ ನಿಲ್ಲುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ರನ್‌ವೇ ಖಾಲಿಯಾದ ಮೇಲೆ ತಿಳಿಸಿ ಅಂತ ಕಂಟ್ರೋಲರ್ ಪ್ಯಾನ್ ಆಮ್‌ಗೆ ಹೇಳಿದ್ದು, ತಿಳಿಸುತ್ತೇವೆ ಅಂತ ಅವರು ಅಂದದ್ದು, ಇವೆರಡೂ ಕೆಎಲ್ಎಂ ಕಾಕ್‌ಪಿಟ್‌ನಲ್ಲಿ ಕೇಳುವ ಹಾಗೇ ಇದ್ದವು. ಕಿವಿಗೆ ಹಾಕಿಕೊಂಡವರು ಫ್ಲೈಟ್ ಎಂಜಿನಿಯರ್ ಒಬ್ಬರೇ. ಆ ಪ್ಯಾನ್ ಅಮೆರಿಕನ್ ಇನ್ನೂ ಖಾಲಿ ಮಾಡಿಲ್ಲವಾ ಅಂತ ಕೇಳಿದರು. ಮಾಡಿದೆಯಲ್ಲ ಅಂತ ಕ್ಯಾಪ್ಟನ್ ಖಡಕ್ಕಾಗಿ ಅಂದರು. ಎಂಜಿನಿಯರ್ ಸುಮ್ಮನಾದರು. ಕೆಲವೇ ಸೆಕೆಂಡಿನಲ್ಲಿ ಡಿಕ್ಕಿ. 583 ಜನ ಸತ್ತರು. ಬದುಕಿದ್ದು ಪ್ಯಾನ್ ಆಮ್‌ನಲ್ಲಿದ್ದ 61 ಜನ.

ಇದನ್ನು ಹೆಚ್ಚಿನವರು ಕ್ಯಾಪ್ಟನ್ನರ ದುಡುಕಿನ ಕತೆಯಾಗಿ ಹೇಳುತ್ತಾರೆ. ದುಡುಕು ಇತ್ತು, ಇಲ್ಲ ಅನ್ನಲಾಗದು. ಆದರೆ ಆ ಒಂದು ‘ಓಕೆ’ ಯಾವುದಕ್ಕೆ ಹೇಳಿದ್ದು? ಕೇಳಿಸಿತು ಅಂತಲಾ, ಸರಿ ಅಂತಲಾ, ಹೊರಡಿ ಅಂತಲಾ? ಕಂಟ್ರೋಲರ್‌ಗೆ ಅದು ಮುಂದಿನ ಮಾತಿಗೆ ಮೊದಲು ಬಾಯಿಗೆ ಬರುವ ಒಂದು ಶಬ್ದ. ಹೊರಡಲು ತುದಿಗಾಲಲ್ಲಿ ನಿಂತಿದ್ದವರಿಗೆ ಅದೇ ಪೂರ್ತಿ ಉತ್ತರ. ಇದಾದ ಮೇಲೆ ಬಂದ ನಿಯಮ ಸರಳ. ‘ಟೇಕಾಫ್’ ಅನ್ನುವ ಪದ ಹಾರಲು ಅನುಮತಿ ಕೊಡುವಾಗ, ಇಲ್ಲವೇ ಆ ಅನುಮತಿ ರದ್ದು ಮಾಡುವಾಗ ಮಾತ್ರ. ಉಳಿದ ಎಲ್ಲ ಕಡೆ ‘ಡಿಪಾರ್ಚರ್’. ಮಾರ್ಗ ಹೇಳುವಾಗಲೂ ಟೇಕಾಫ್ ಅನ್ನುವ ಹಾಗಿಲ್ಲ. ಒಂದು ಪದವನ್ನು ಬೀಗ ಹಾಕಿ ಇಟ್ಟ ಹಾಗೆ. ಕಿಟಕಿ ಪಕ್ಕ ಕೂತು ಯಾಕೆ ಇನ್ನೂ ಹೊರಡುತ್ತಿಲ್ಲ ಅಂತ ಗೊಣಗುವ ನಮಗೆ, ಮುಂದೆ ಕೂತವರು ಆ ಒಂದು ಪದಕ್ಕೆ ಕಾಯುತ್ತಿದ್ದಾರೆ ಅಂತ ಹೊಳೆಯುವುದೇ ಇಲ್ಲ.

ನಯವಾದ ಮಾತು ಮಾಡುವ ಹಾನಿ ಬೇರೆ. 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬರುತ್ತಿದ್ದ ಆವಿಯಾಂಕಾ ಕಂಪನಿಯ 52ನೇ ನಂಬರ್ ವಿಮಾನ, ಹವೆ ಕೆಟ್ಟು ಮೂರು ಕಡೆ ಸುತ್ತು ಹಾಕುತ್ತಾ ಒಟ್ಟು ಒಂದೂಕಾಲು ಗಂಟೆಗೂ ಮೀರಿ ಕಾಯಿತು. ಇಂಧನ ತಳ ಕಾಣುತ್ತಿತ್ತು. ಕೋ-ಪೈಲಟ್ ಪ್ರಯಾರಿಟಿ ಬೇಕು ಅಂದರು. ಇನ್ನು ಐದು ನಿಮಿಷ ಕಾಯಬಹುದು, ಬದಲಿ ನಿಲ್ದಾಣವಾದ ಬಾಸ್ಟನ್‌ಗೆ ಹೋಗಲು ಇನ್ನು ಆಗದು ಅಂದರು. ‘ಎಮರ್ಜೆನ್ಸಿ’ ಅನ್ನಲಿಲ್ಲ, ಪ್ರಾಣಾಪಾಯದಲ್ಲಿ ಕೂಗುವ ‘ಮೇಡೇ’ ಅನ್ನಲಿಲ್ಲ. ಒಬ್ಬ ಕಂಟ್ರೋಲರ್‌ನಿಂದ ಇನ್ನೊಬ್ಬರಿಗೆ ವಿಮಾನ ದಾಟುವಾಗ ಬಾಸ್ಟನ್ ಮಾತು ಅಲ್ಲೇ ಉದುರಿಹೋಯಿತು.

ಮೊದಲ ಸಲ ಇಳಿಯಲು ಹೋಗಿ ಆಗಲಿಲ್ಲ. ವಿಮಾನ ಮತ್ತೆ ಮೇಲೇರಿತು. ನಾವು ಎಮರ್ಜೆನ್ಸಿಯಲ್ಲಿದ್ದೇವೆ ಅಂತ ಅವರಿಗೆ ಹೇಳು ಅಂದರು ಕ್ಯಾಪ್ಟನ್, ಸ್ಪ್ಯಾನಿಷ್‌ನಲ್ಲಿ. ಕೋ-ಪೈಲಟ್ ಗುಂಡಿ ಒತ್ತಿ ಮೊದಲು ತಿರುಗಬೇಕಾದ ದಿಕ್ಕನ್ನು ರೀಡ್‌ಬ್ಯಾಕ್ ಮಾಡಿದರು. ಇನ್ನೊಮ್ಮೆ ಪ್ರಯತ್ನಿಸುತ್ತೇವೆ ಅಂದರು. ಕೊನೆಗೆ ಬಾಲಕ್ಕೆ ಸೇರಿಸಿದರು, ನಮ್ಮ ಇಂಧನ ಮುಗಿಯುತ್ತಿದೆ ಅಂತ. ಹೇಳಿದೆಯಾ ಅಂತ ಕ್ಯಾಪ್ಟನ್ ಮತ್ತೆ ಕೇಳಿದರು. ಹೌದು ಸರ್, ಆಗಲೇ ಹೇಳಿದೆ ಅಂದರು. ಸುಳ್ಳಲ್ಲ, ಹೇಳಿದ್ದರು. ಸ್ವಲ್ಪ ಹೊತ್ತಿಗೆ ಕಂಟ್ರೋಲರ್ ಇನ್ನು ಹದಿನೈದು ಮೈಲಿ ಆಚೆ ಕರೆದೊಯ್ದು ತಿರುಗಿಸುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಅದು ಪರವಾಗಿಲ್ಲವಾ ಅಂತ ಕೇಳಿಯೂ ಕೇಳಿದರು. ಪರವಾಗಿಲ್ಲ ಅನ್ನಿಸುತ್ತದೆ, ತುಂಬಾ ಥ್ಯಾಂಕ್ಸ್ ಅಂತ ಉತ್ತರ ಹೋಯಿತು. ಎಂಜಿನ್‌ಗಳು ನಿಂತವು. ಲಾಂಗ್ ಐಲೆಂಡ್‌ನ ಗುಡ್ಡದ ಮೇಲೆ ವಿಮಾನ ಬಿತ್ತು. 158 ಜನರಲ್ಲಿ 73 ಜನ ಸತ್ತರು. ಬೆಂಕಿ ಹತ್ತಲಿಲ್ಲ, ಹತ್ತಲು ಇಂಧನವೇ ಇರಲಿಲ್ಲ.

ಆ ‘ತುಂಬಾ ಥ್ಯಾಂಕ್ಸ್’ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಅಂತ ತಿಳಿಯದು. ಕಂಟ್ರೋಲರ್ ಕೇಳಿದ್ದು ಹೂಂ ಅನ್ನಿಸಿಕೊಳ್ಳುವ ಥರದ ಪ್ರಶ್ನೆ. ಎಷ್ಟು ನಿಮಿಷದ ಇಂಧನ ಇದೆ ಅಂತ ಕೇಳಿದ್ದರೆ ಸಂಖ್ಯೆ ಬರುತ್ತಿತ್ತು. ಈಗ ಇದಕ್ಕೂ ಗೊತ್ತುಮಾಡಿದ ಮಾತುಗಳಿವೆ. ಇನ್ನು ತಡವಾದರೆ ತೊಂದರೆ ಅನ್ನುವಾಗ ‘ಮಿನಿಮಮ್ ಫ್ಯೂಯಲ್’. ಇಳಿಯುವ ಹೊತ್ತಿಗೆ ಮೀಸಲು ಇಂಧನಕ್ಕೇ ಕೈ ಬೀಳುತ್ತದೆ ಅಂದಾಗ ‘ಮೇಡೇ, ಮೇಡೇ, ಮೇಡೇ, ಫ್ಯೂಯಲ್’. ನಡುವಿನ ಸಂಕೋಚದ ಮಾತಿಗೆ ಜಾಗವಿಲ್ಲ.

ಸಂಕೋಚ ಎಟಿಸಿ ಕಡೆಯಿಂದಲೂ ಬರುತ್ತದೆ. 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿ ಹತ್ತಿರ ಈಸ್ಟರ್ನ್ ಕಂಪನಿಯ 401ನೇ ನಂಬರ್ ವಿಮಾನದ ಸಿಬ್ಬಂದಿ ಮುಂಚಕ್ರದ ಒಂದು ಸೂಚನಾ ದೀಪ ಹತ್ತಲಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದರು. 2,000 ಅಡಿಯಲ್ಲಿರಬೇಕಿದ್ದ ವಿಮಾನ ಮೆಲ್ಲಗೆ ಇಳಿಯುತ್ತಿತ್ತು. ಕಂಟ್ರೋಲರ್‌ನ ಪರದೆಯಲ್ಲಿ 900 ಅಡಿ ಅಂತ ಬಂತು. ಆಗ ಅವರು ಕೇಳಿದ್ದು: ಅಲ್ಲಿ ಹೇಗೆ ನಡೀತಿದೆ? ಎತ್ತರದ ಸುದ್ದಿ ಎತ್ತಲಿಲ್ಲ. ಸಿಬ್ಬಂದಿ ಅದನ್ನು ಚಕ್ರದ ಬಗ್ಗೆ ಅಂದುಕೊಂಡರು. ಓಕೆ, ತಿರುಗಿ ಬರುತ್ತೇವೆ ಅಂದರು. 101 ಜನ ಸತ್ತರು.

1974ರ ಡಿಸೆಂಬರ್ 1ರಂದು ವಾಷಿಂಗ್ಟನ್‌ನ ಡಲ್ಲಸ್ ನಿಲ್ದಾಣಕ್ಕೆ ಬರುತ್ತಿದ್ದ ಟಿಡಬ್ಲ್ಯೂಎ ಕಂಪನಿಯ 514ನೇ ನಂಬರ್ ವಿಮಾನಕ್ಕೆ ಸಿಕ್ಕಿದ್ದು ‘ಕ್ಲಿಯರ್ಡ್ ಫಾರ್ ದಿ ಅಪ್ರೋಚ್’, ಇಳಿಯಲು ನಿಲ್ದಾಣದತ್ತ ಬರಬಹುದು ಅನ್ನುವ ಅನುಮತಿ. ಹಾಗಂದರೆ ಕೆಳಗೆ ಗುಡ್ಡದ ಅಪಾಯ ಇಲ್ಲ, 1,800 ಅಡಿಗೆ ಇಳಿಯಬಹುದು ಅಂತ ಸಿಬ್ಬಂದಿ ತಿಳಿದರು. ಎತ್ತರ ನೋಡಿಕೊಳ್ಳುವ ಹೊಣೆ ಪೈಲಟ್‌ನದೇ ಅಂತ ಕಂಟ್ರೋಲರ್ ಲೆಕ್ಕ. 92 ಜನ ಗುಡ್ಡದ ಮೇಲೆ ಸತ್ತರು. ಇನ್ನೂ ಕೆಟ್ಟದ್ದು ಮುಂದಿದೆ. ಆರು ವಾರ ಮೊದಲು ಯುನೈಟೆಡ್ ಕಂಪನಿಯ ಒಂದು ವಿಮಾನ ಅದೇ ಜಾಗದಲ್ಲಿ ಅದೇ ತಪ್ಪು ತಿಳಿದು ಕೂದಲೆಳೆಯಲ್ಲಿ ಪಾರಾಗಿತ್ತು. ಆ ಕಂಪನಿ ತನ್ನ ಪೈಲಟ್‌ಗಳಿಗೆ ಎಚ್ಚರ ಹೇಳಿತು. ಬೇರೆ ಕಂಪನಿಗಳಿಗೆ ಸುದ್ದಿ ಮುಟ್ಟಲಿಲ್ಲ. 1976ರಲ್ಲಿ ನಾಸಾ ನಡೆಸುವ ವರದಿ ವ್ಯವಸ್ಥೆ ಶುರುವಾಗಿದ್ದರ ಹಿಂದೆ ಈ ಅಪಘಾತ ಇದೆ. ಪೈಲಟ್, ಕಂಟ್ರೋಲರ್ ಯಾರಾದರೂ ತಮ್ಮ ತಪ್ಪನ್ನು ಹೆಸರು ಬಯಲಾಗುವ ಭಯವಿಲ್ಲದೆ ಬರೆದು ಕಳಿಸಬಹುದು. ದಂಡ ಹಾಕುವ ಇಲಾಖೆಯ ಕೈಗೆ ಕೊಡದೆ ನಾಸಾಕ್ಕೆ ಕೊಟ್ಟರಲ್ಲ, ಅದು ಜಾಣತನ.

ನಮ್ಮ ದೇಶದ ಚರ್ಖಿ ದಾದ್ರಿಯನ್ನು ಬಿಡಲಾಗದು. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಏರುತ್ತಿದ್ದ ಸೌದಿ 747ಕ್ಕೂ ದೆಹಲಿಗೆ ಇಳಿಯುತ್ತಿದ್ದ ಕಜಕಿಸ್ತಾನದ ಐಎಲ್-76ಕ್ಕೂ ಆಕಾಶದಲ್ಲಿ ಡಿಕ್ಕಿಯಾಗಿ 349 ಜನ ಸತ್ತರು. ಕಜಕ್ ವಿಮಾನ 15,000 ಅಡಿಯಲ್ಲಿ, ಸೌದಿ ವಿಮಾನ 14,000 ಅಡಿಯಲ್ಲಿ ಇರಬೇಕಿತ್ತು. ಎದುರಿಗೆ ವಿಮಾನ ಬರುತ್ತಿದೆ ಅಂತ ಕಂಟ್ರೋಲರ್ ಕಜಕ್ ವಿಮಾನಕ್ಕೆ ಹೇಳಿದ್ದರು, ಉತ್ತರವೂ ಬಂದಿತ್ತು. ಆದರೆ ಆ ವಿಮಾನದಲ್ಲಿ ಎಟಿಸಿ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು ಒಬ್ಬ ರೇಡಿಯೋ ಆಪರೇಟರ್, ವಿಮಾನ ಹಾರಿಸುತ್ತಿದ್ದವರು ಬೇರೆ. ಆಪರೇಟರ್ ಮುಂದೆ ಎತ್ತರದ ಮೀಟರ್ ಇರಲಿಲ್ಲ, ಪೈಲಟ್‌ಗಳ ಹೆಗಲ ಮೇಲಿಂದ ಇಣುಕಬೇಕಿತ್ತು. ರೇಡಿಯೋದಲ್ಲಿ ಮಾತು ಸರಿಯಾಗಿ ಮುಗಿದರೂ ಅದು ಇನ್ನೊಂದು ಕೈ ದಾಟಬೇಕಿತ್ತು. ವಿಮಾನ 14,000 ಅಡಿಗೆ ಇಳಿದುಬಿಟ್ಟಿತು.

ಇಷ್ಟೆಲ್ಲ ಓದಿದ ಮೇಲೂ ರೀಡ್‌ಬ್ಯಾಕ್ ಮೇಲೆ ನನಗೊಂದು ನಂಬಿಕೆ ಇತ್ತು. ಸರಿಯಾಗಿ ತಿರುಗಿ ಹೇಳಿದರೆ, ಅದನ್ನು ಸರಿಯಾಗಿ ಕೇಳಿಸಿಕೊಂಡರೆ, ಆಯಿತಲ್ಲ? 2024ರ ಜನವರಿ 2ರ ಸಂಜೆ ಟೋಕಿಯೋದ ಹನೇಡಾದಲ್ಲಿ ನಡೆದದ್ದು ಅದನ್ನೂ ಅಲ್ಲಾಡಿಸಿತು. ಹಿಂದಿನ ದಿನ ನೋಟೋದಲ್ಲಿ ಭೂಕಂಪವಾಗಿತ್ತು. ಅಲ್ಲಿಗೆ ಪರಿಹಾರ ಸಾಮಗ್ರಿ ಒಯ್ಯಲು ಕರಾವಳಿ ಪಡೆಯ ಒಂದು ಸಣ್ಣ ವಿಮಾನ ಹೊರಟಿತ್ತು. ನೀವು ನಂಬರ್ ಒನ್, ಸಿ5 ಹೋಲ್ಡಿಂಗ್ ಪಾಯಿಂಟ್‌ವರೆಗೆ ಬನ್ನಿ ಅಂತ ಟವರ್ ಹೇಳಿತು. ಸಿ5, ನಂಬರ್ ಒನ್, ಥ್ಯಾಂಕ್ಯೂ ಅಂತ ಉತ್ತರ ಬಂತು. ರೀಡ್‌ಬ್ಯಾಕ್‌ನಲ್ಲಿ ತಪ್ಪೇ ಇಲ್ಲ. ಹೋಲ್ಡಿಂಗ್ ಪಾಯಿಂಟ್ ಅಂದರೆ ರನ್‌ವೇಗೆ ಮುಂಚೆ ನಿಲ್ಲುವ ಗೆರೆ. ಆದರೂ ವಿಮಾನ ಗೆರೆ ದಾಟಿ ರನ್‌ವೇ ಮೇಲೆ ಹೋಗಿ ನಿಂತಿತು. ಜಪಾನ್ ಏರ್‌ಲೈನ್ಸ್‌ನ ಎ350 ಅದರ ಮೇಲೆಯೇ ಇಳಿಯಿತು. ದೊಡ್ಡ ವಿಮಾನದ 379 ಜನರೂ ಹೊರಬಂದು ಬದುಕಿದರು. ಸಣ್ಣದರಲ್ಲಿದ್ದ ಆರು ಜನರಲ್ಲಿ ಐವರು ಸತ್ತರು, ಕ್ಯಾಪ್ಟನ್ ಉಳಿದರು. ರನ್‌ವೇಗೆ ಹೋಗಲು ಅನುಮತಿ ಸಿಕ್ಕಿದೆ ಅಂತಲೇ ಅವರು ನಂಬಿದ್ದರು.

‘ನಂಬರ್ ಒನ್’ ಅಂದರೆ ಹೊರಡುವವರ ಸಾಲಿನಲ್ಲಿ ನೀವು ಮೊದಲಿಗರು ಅಂತ ಅಷ್ಟೇ. ಕೊಡಲೇಬೇಕಾದ ಮಾಹಿತಿಯಲ್ಲ, ಒಂದು ಉಪಕಾರ. ಭೂಕಂಪದ ಸಾಮಾನು ಹೊತ್ತು ಅವಸರದಲ್ಲಿರುವವರಿಗೆ ಅದು ಹೇಗೆ ಕೇಳಬಹುದು ಅಂತ ಊಹಿಸುವುದು ಕಷ್ಟವಲ್ಲ. ನಿಮ್ಮ ಕೆಲಸ ದೊಡ್ಡದು, ನೀವೇ ಮೊದಲು ಹೋಗಿ ಅಂತ ಕೇಳಿರಬಹುದು. ಜಪಾನ್ ಕೆಲವು ತಿಂಗಳು ಆ ಮಾತನ್ನೇ ನಿಲ್ಲಿಸಿತು. ಪದಗಳು ಸರಿಯಾಗಿ ಹೋಗಿ ಸರಿಯಾಗಿ ತಿರುಗಿ ಬಂದರೂ ಅರ್ಥ ದಾರಿಯಲ್ಲಿ ಬೇರೆಯಾಗಬಹುದು. ಇದನ್ನು ಹಿಡಿಯುವ ಶಕ್ತಿ ರೀಡ್‌ಬ್ಯಾಕ್‌ಗೆ ಇಲ್ಲ. ಇಂಥ ಕಡೆ ಇನ್ನೊಂದು ಕಣ್ಣು ಬೇಕು. ಹನೇಡಾದಲ್ಲಿ ರನ್‌ವೇ ಮೇಲೆ ಯಾರೋ ಇದ್ದಾರೆ ಅಂತ ತೋರಿಸುವ ಪರದೆ ಟವರ್‌ನಲ್ಲಿತ್ತು, ಅದನ್ನು ಯಾರೂ ಗಮನಿಸಲಿಲ್ಲ. ಆಮೇಲೆ ಆ ಪರದೆ ನೋಡಲಿಕ್ಕೆಂದೇ ಒಬ್ಬರನ್ನು ಕೂರಿಸಿದರು.

ಮಾತನ್ನೇ ತೆಗೆದು ಮೆಸೇಜ್ ಕಳಿಸಿದರೆ ಆಗದಾ? ಸಾಗರದ ಮೇಲೆ, ತುಂಬಾ ಎತ್ತರದಲ್ಲಿ ಹಾರುವಾಗ ಈಗ ಆಗಲೇ ಹಾಗೆ ಮಾಡುತ್ತಾರೆ. ಎತ್ತರ ಬದಲಿಸಿ ಅನ್ನುವುದು ಅಕ್ಷರದಲ್ಲಿ ಪರದೆಗೆ ಬರುತ್ತದೆ. ಅಲ್ಲಿ ಎರಡು ಅನ್ನುವ ಅಂಕೆ ಎರಡೇ. ಆದರೆ ಇಳಿಯುವ ಹೊತ್ತಿಗೆ, ಸೆಕೆಂಡಿನ ಲೆಕ್ಕದಲ್ಲಿ, ತಲೆ ತಗ್ಗಿಸಿ ಓದುತ್ತಾ ಕೂರಲಾಗದು. ಇನ್ನೊಂದು ನಷ್ಟವೂ ಇದೆ. ರೇಡಿಯೋದಲ್ಲಿ ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತದೆ. ಯಾರೋ ನನ್ನ ಎದುರಿನ ರನ್‌ವೇಗೆ ಅನುಮತಿ ಪಡೆದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಟೆನೆರಿಫೆಯ ಎಂಜಿನಿಯರ್‌ಗೆ ಅನುಮಾನ ಬಂದದ್ದು ತನಗೆ ಹೇಳದ ಮಾತಿನಿಂದಲೇ. ಮೆಸೇಜ್ ಬಂದರೆ ಅದು ಇಬ್ಬರ ನಡುವಿನದು.

ಆ ಕೇಳಿಸಿಕೊಳ್ಳುವುದಕ್ಕೂ ಒಂದು ಷರತ್ತಿದೆ, ಭಾಷೆ ಒಂದೇ ಇರಬೇಕು. ನಿಯಮದ ಪ್ರಕಾರ ಆ ನಿಲ್ದಾಣದವರು ಮಾಮೂಲಾಗಿ ಬಳಸುವ ಭಾಷೆಯಲ್ಲೂ ಮಾತಾಡಬಹುದು, ಇಂಗ್ಲಿಷಿನಲ್ಲೂ ಮಾತಾಡಬಹುದು. ಪೈಲಟ್ ಇಂಗ್ಲಿಷ್ ಕೇಳಿದರೆ ಕೊಡಬೇಕು. 2000ದ ಮೇ 25ರಂದು ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣದಲ್ಲಿ ಒಂದು ಎಂಡಿ-83 ವಿಮಾನಕ್ಕೆ ಟೇಕಾಫ್ ಅನುಮತಿ ಫ್ರೆಂಚಿನಲ್ಲಿ ಹೋಯಿತು. ರನ್‌ವೇ ಮಧ್ಯದ ಒಂದು ದಾರಿಯಲ್ಲಿದ್ದ ಶಾರ್ಟ್ಸ್ 330 ಸರಕು ವಿಮಾನದ ಬ್ರಿಟಿಷ್ ಪೈಲಟ್‌ಗಳಿಗೆ ಇಂಗ್ಲಿಷಿನಲ್ಲಿ, ರನ್‌ವೇಗೆ ಬಂದು ನಿಂತು ಕಾಯಿರಿ, ನೀವು ನಂಬರ್ ಟೂ ಅಂತ ಹೋಯಿತು. ಅವರು ರನ್‌ವೇ ತುದಿಯಲ್ಲಿ ಎಂಡಿ-83ರ ಹಿಂದೆ ಇದ್ದಾರೆ ಅಂತ ಕಂಟ್ರೋಲರ್ ಎಣಿಕೆ. ಓಡಿ ಬರುತ್ತಿದ್ದ ಎಂಡಿ-83ರ ರೆಕ್ಕೆ ಶಾರ್ಟ್ಸ್‌ನ ಕಾಕ್‌ಪಿಟ್‌ಗೆ ತಾಗಿ ಒಬ್ಬ ಪೈಲಟ್ ಸತ್ತರು. ಫ್ರೆಂಚ್ ಅನುಮತಿ ಅವರ ಕಿವಿಗೂ ಬಿದ್ದಿರಬೇಕು, ಅರ್ಥವಾಗುವಂತಿರಲಿಲ್ಲ.

ಇಂಗ್ಲಿಷ್ ಮಾತ್ರ ಬಳಸುವ ಬಗ್ಗೆ ಯೋಚಿಸಿ ಅಂತ ತನಿಖೆಯವರು ಹೇಳಿದರು. ಅಲ್ಲಿ ಇವತ್ತಿಗೂ ಎರಡೂ ಭಾಷೆ ನಡೆಯುತ್ತವೆ. ಎದುರು ವಾದವೂ ಹಗುರದ್ದಲ್ಲ. ಗಾಬರಿಯಲ್ಲಿ ತಾಯ್ನುಡಿಯೇ ಬೇಗ ಬಾಯಿಗೆ ಬರುತ್ತದೆ, ಬೇಗ ಅರ್ಥವೂ ಆಗುತ್ತದೆ. ಆವಿಯಾಂಕಾ ಕ್ಯಾಪ್ಟನ್ ‘ಎಮರ್ಜೆನ್ಸಿ’ ಅಂತ ಸ್ಪ್ಯಾನಿಷ್‌ನಲ್ಲಿ ಹೇಳಲು ಒಂದು ಕ್ಷಣವೂ ತಡವರಿಸಲಿಲ್ಲ. ಆದರೂ ಟವರ್ ಫ್ರೀಕ್ವೆನ್ಸಿಯ ಮಟ್ಟಿಗೆ, ರನ್‌ವೇ ಯಾರದು ಅನ್ನುವ ಪ್ರಶ್ನೆ ಇರುವಷ್ಟು ಹೊತ್ತು, ಒಂದೇ ಭಾಷೆ ಇರಲಿ ಅನ್ನುವ ಕಡೆಗೇ ನಾನು. ಆಕಾಶಕ್ಕೆ ಏರಿದ ಮೇಲೆ ಬೇಕಾದ ಭಾಷೆ ಆಡಲಿ.